ಮೆಟ್ಟಿಲಡಿಯ ಬಾಗಿಲು

"ಹಲೋ... ಯಾರು ಮಾತಾಡ್ತಿರೋದು? ಗ್ವೆನ್ ಪ್ರೂಯಿಟ್ ತಾನೆ?... ಹಾಂ, ನಾನು ವರ್ನಾ. ವರ್ನಾ ಸ್ಟ್ರಿಕ್ಲರ್, ನಿಮ್ಮಪ್ಪನ ಮನೆ ತಗೊಂಡೋಳು... ಚೆನ್ನಾಗಿಲ್ಲ ಕಣಮ್ಮ, ಏನೂ ಚೆನ್ನಾಗಿಲ್ಲ. ಇಲ್ಲೊಬ್ಬ ಕೊಡಲಿ ಹಿಡ್ಕೊಂಡು ಮನೆಗೆ ನುಗ್ಗಿದಾನೆ."

ವರ್ನಾ ಮಹಡಿಯ ಮಲಗುವ ಕೋಣೆಯಲ್ಲಿ ನೆಲದ ಮೇಲೆ ಕೂತಿದ್ದಳು. ಅವಳ ಬೆನ್ನು ಬೀರುವಿಗೆ ಆನಿಕೊಂಡಿತ್ತು, ಬೀರು ಬಾಗಿಲಿಗೆ. ಗಂಡ ಆರಿನ್ನನ ತಲೆ ಅವಳ ತೊಡೆಯ ಮೇಲಿತ್ತು. ಒತ್ತಿ ಹಿಡಿದಿದ್ದ ಟವೆಲ್ಲು ಆಗಲೇ ತೊಯ್ದು ಭಾರವಾಗಿತ್ತು. ಕೆಳಗಿನಿಂದ ಒಂದೇ ಸಮನೆ ಕಡಿಯುವ ಸದ್ದು.

"ಯಾರು ಅಂತ ನನ್ನ ಕೇಳಿದ್ರೆ? ಅವನೇ ಕೂಗ್ತಿದಾನೆ, ನಾನು ರಾಯ್ಸ್ ಪ್ರೂಯಿಟ್ ಅಂತ... ಗ್ವೆನ್? ಇದೀಯಾ?... ನಿನಗೆ ತಮ್ಮ ಇದಾನಾ? ಮನೆ ಮಾರುವಾಗ ನಾನೊಬ್ಬಳೇ ಮಗಳು ಅಂದಿದ್ದೆ, ಅಲ್ವಾ?... ಏನು, ಸತ್ತಿರಬೇಕು ಅಂದ್ಕೊಂಡಿದ್ಯಾ? ಸತ್ತೋರ ರಟ್ಟೇಲಿ ಇಷ್ಟು ಕಸುವು ಇರಲ್ಲ ಕಣೆ. ಕೇಳಿಸ್ತಾ? ಅದು ನನ್ನ ಮೆಟ್ಟಿಲಿನ ಕಟಕಟೆ!"

ಆ ಕಟಕಟೆಯ ಕಂಬಗಳಿಗೆ ಅಂಟಿದ್ದ ಹಳೇ ಬಣ್ಣವನ್ನು ಆರಿನ್ ಇಡೀ ಚಳಿಗಾಲ ಕೂತು ಕೆರೆದಿದ್ದ. ಅವನು ಒಹಾಯೊ ನದಿಯ ಸರಕುದೋಣಿಗಳ ಎಂಜಿನ್ ರಿಪೇರಿ ಮಾಡಿ ಬೆನ್ನು ಬಗ್ಗಿಸಿಕೊಂಡವನು. ಅವಳು ಶಾಲೆಯ ಬಸ್ಸು ಓಡಿಸಿ ಗಂಟಲು ಗಟ್ಟಿ ಮಾಡಿಕೊಂಡವಳು. ಇಬ್ಬರೂ ನಿವೃತ್ತರಾದ ವರ್ಷವೇ ಈ ವಿಕ್ಟೋರಿಯಾ ಕಾಲದ ಮನೆಯನ್ನು ಕೊಂಡಿದ್ದರು. ಅದರ ಗೋಪುರದಲ್ಲಿ ಪಾರಿವಾಳಗಳು ಸಂಸಾರ ಹೂಡಿದ್ದವು, ಸುತ್ತುಜಗಲಿ ಒಂದು ಕಡೆ ಕುಸಿದಿತ್ತು, ಮುಂಬಾಗಿಲ ಮೇಲಿನ ಬಣ್ಣದ ಗಾಜು ಒಡೆದಿತ್ತು. ಹೆಣಕ್ಕೆ ಸಿಂಗಾರ ಮಾಡ್ತೀರಾ ಎಂದು ಊರವರು ನಕ್ಕಿದ್ದರು. ದುರಸ್ತಿ ಮುಗಿಯುತ್ತ ಬಂದ ಮೇಲೆ, ಕಳೆದ ವಾರ, ಅದೇ ಊರವರು ಬಂದು ಮೆಚ್ಚಿ ಗೋಡೆ ಸವರಿ ಹೋಗಿದ್ದರು. ಪೇಪರಿನವರು ಸ್ವರ್ಗದಂಥ ಮನೆ ಎಂದು ಬರೆದು, ಗಂಡಹೆಂಡಿರನ್ನು ಮೆಟ್ಟಿಲ ಮೇಲೆ ನಿಲ್ಲಿಸಿ ಫೋಟೋ ಹಾಕಿದ್ದರು.

"ಪೊಲೀಸ್‌ಗೆ ಫೋನ್ ಮಾಡಿದೀನಿ. ಗಾಡಿಗಳೆಲ್ಲ ಹೆದ್ದಾರಿ ಕಡೆ ಅಪಘಾತಕ್ಕೆ ಹೋಗಿವೆಯಂತೆ, ಬರ್ತಾರಂತೆ... ಆರಿನ್? ಉಸಿರಾಡ್ತಿದಾನೆ. ಮೆಟ್ಟಿಲ ತುದೀಲಿ ಮರಳುಕಾಗದ ಉಜ್ತಾ ಕೂತಿದ್ದ. ಬಂದೋನೇ ಕೊಡಲಿ ಹಿಡೀಲಿ ತಲೆಗೆ ಬಾರಿಸಿದ. ಅಲಗಿನಿಂದ ಅಲ್ಲ, ಪುಣ್ಯಕ್ಕೆ. ಆಮೇಲೆ ಇವನನ್ನ ಕಾಲಲ್ಲಿ ಪಕ್ಕಕ್ಕೆ ಸರಿಸಿ ಕೆಳಗಿಳಿದು ಹೋದ, ಕಸ ಸರಿಸೋ ಹಾಗೆ. ನಾನು ಇವನ ಕಂಕುಳಿಗೆ ಕೈಹಾಕಿ ಎಳ್ಕೊಂಡು ಬಂದೆ... ಯಾಕೆ ಬಂದ ಅವನು? ಮನೆ ಬೇಕಂತಾ?... ಗೊತ್ತಿಲ್ಲ ಅನ್ಬೇಡ ಗ್ವೆನ್. ಮಾತಾಡು!"

ಕೆಳಗೆ ಏನೋ ದೊಡ್ಡದು ಮುರಿದು ಬಿತ್ತು. ಹಿಂದೆಯೇ ರಾಯ್ಸ್‌ನ ದನಿ ಮೆಟ್ಟಿಲೇರಿ ಬಂತು.

"ಸ್ವರ್ಗದಂಥ ಮನೆಯಂತೆ! ಪೇಪರಲ್ಲಿ ಹಲ್ಲು ಬಿಟ್ಕೊಂಡು ನಿಂತಿದ್ರಲ್ಲ! ಎಲ್ಲಿ ನಿಂತಿದ್ರಿ ಗೊತ್ತಾ ಮುದುಕ? ನನ್ನ ತಲೆ ಮೇಲೆ ನಿಂತಿದ್ರಿ!"

"ಕೇಳ್ತಾ?" ಎಂದಳು ವರ್ನಾ ಫೋನಿಗೆ. "ಅವನ ತಲೆ ಮೇಲೆ ಅಂದ್ರೇನು?... ಹುಚ್ಚ ಅಲ್ಲ ಕಣೆ. ಬಸ್ಸಿನಲ್ಲಿ ಎಷ್ಟು ಹುಚ್ಚರನ್ನ ನೋಡಿಲ್ಲ ನಾನು. ಹುಚ್ಚ ಸಿಕ್ಕಿದ್ದೆಲ್ಲ ಒಡೀತಾನೆ. ಇವನು ಕನ್ನಡಿ ಮುಟ್ಟಿಲ್ಲ, ಗಾಜು ಮುಟ್ಟಿಲ್ಲ. ಬರೀ ಮೆಟ್ಟಿಲು ಕಡೀತಿದಾನೆ... ನೀನು ಅಕ್ಕ ಅಲ್ವಾ? ಮಾತಾಡು ಅವನ ಹತ್ರ. ಬಾಗಿಲು ಸಂದು ಮಾಡಿ ಫೋನು ಹೊರಗೆ ಹಿಡೀತೀನಿ... ಏನಾದ್ರೂ ಹೇಳು. ನಿಜ ಹೇಳು."

ಆರಿನ್ನನ ತಲೆಯಡಿ ದಿಂಬಿಟ್ಟು ಬೀರುವನ್ನು ಗೇಣಗಲ ಸರಿಸಿದಳು. ಫೋನಿನ ಸ್ಪೀಕರ್ ಒತ್ತಿ ಕೈ ಹೊರಚಾಚಿದಳು. "ರಾಯ್ಸ್! ನಿನ್ನ ಅಕ್ಕ!" ಕಡಿಯುವುದು ನಿಂತಿತು. ಗ್ವೆನ್‌ಳ ದನಿ ತೆಳ್ಳಗೆ, ಮಗುವನ್ನು ಮಲಗಿಸುವ ಹಾಗೆ ಹರಿಯಿತು. ವರ್ನಾಳಿಗೆ ಮಾತು ತಿಳಿಯುವ ಮೊದಲೇ ಕೆಳಗಿನಿಂದ ಗರ್ಜನೆ ಬಂತು.

"ಪ್ರೀತಿನಾ? ಅಪ್ಪಂಗೆ ನನ್ನ ಮೇಲೆ ಪ್ರೀತಿನಾ? ಇನ್ನೂ ಅದೇ ಹಾಡು ಹಾಡ್ತೀಯಾ?"

ಮುರಿದ ಮೆಟ್ಟಿಲುಗಳ ಮೇಲೆ ಬೂಟುಗಳು ದಡದಡ ಏರಿದವು. ವರ್ನಾ ಕೈ ಒಳಗೆಳೆದು ಬೀರುವಿಗೆ ಭುಜ ಕೊಟ್ಟಳು. ಮೊದಲ ಏಟಿಗೆ ಬಾಗಿಲ ಹಲಗೆ ಸೀಳಿತು. ಎರಡನೆಯದಕ್ಕೆ ಕೊಡಲಿಯ ಅಲಗು ಅವಳ ಕಿವಿಯ ಪಕ್ಕ ಇಣುಕಿ ಮರಳಿತು.

"ಎಂಥ ಮಾತಾಡಿದೆಯೇ ನೀನು? ಎಣ್ಣೆ ಸುರಿದ್ಯಲ್ಲೇ ಬೆಂಕಿಗೆ!... ಅಳಬೇಡ! ಅಳೋಕೆ ಹೊತ್ತಿಲ್ಲ ನನಗೆ!"

ಒಡೆದ ಹಲಗೆಯ ಸಂದಿಯಿಂದ ಒಂದು ಕೈ ಒಳಬಂದು ಬೀರುವಿನ ಅಂಚು ಹಿಡಿಯಿತು. ದುರಸ್ತಿಗೆಂದು ತಂದಿಟ್ಟಿದ್ದ ಮೊಳೆ ಕೀಳುವ ಹಾರೆ ವರ್ನಾಳ ಪಕ್ಕದಲ್ಲೇ ಇತ್ತು. ಅವಳು ಯೋಚಿಸಲಿಲ್ಲ. ಇದ್ದ ಬಲವನ್ನೆಲ್ಲ ಹಾಕಿ ಬೆರಳುಗಳ ಮೇಲೆ ಬೀಸಿದಳು. ಮೂಳೆ ಮುರಿದ ಸದ್ದು ಅವಳ ಮೊಣಕೈವರೆಗೂ ಹತ್ತಿತು. ಹೊರಗೆ ರಾಯ್ಸ್ ಚೀರಿದ. ಕೈ ರಕ್ತ ಬಳಿದುಕೊಂಡು ಹಿಂದೆ ಸರಿಯಿತು. ನೆಲದ ಮೇಲೆ ಆರಿನ್ ಕಣ್ಣು ತೆರೆದ.

"ಏನಂತೆ ಅವನಿಗೆ?" ಅವನ ನಾಲಿಗೆ ತೊದಲುತ್ತಿತ್ತು. "ಏನು ಬೇಕಂತೆ, ಕೇಳೇ."

ಹೊಡೆದ ಮೇಲೆ ಯಾರಾದರೂ ಕೇಳುತ್ತಾರೆಯೇ? ಆದರೂ ಅವಳು ಕೇಳಿದಳು. "ಏನೋ ಬೇಕು ನಿನಗೆ? ಬಾಯಿಬಿಟ್ಟು ಹೇಳೋ!"

ಬಾಗಿಲಾಚೆ ಏದುಸಿರು. ಆಮೇಲೆ ಸಣ್ಣ ದನಿ.

"ಬಾಗಿಲು. ಮೆಟ್ಟಿಲ ಕೆಳಗಿನ ಗೂಡಿನ ಬಾಗಿಲು. ಅಲ್ಲಿ ಬರೀ ಗೋಡೆ ಇದೆ. ಎಲ್ಲಿ ಮುಚ್ಚಿಟ್ರಿ ಅದನ್ನ?"

ವರ್ನಾ ಫೋನನ್ನು ಕಿವಿಗೆ ತಂದಳು. ಅವಳ ದನಿ ಈಗ ಇಳಿದಿತ್ತು.

"ಗ್ವೆನ್. ಆ ಗೂಡು... ಹಾಂ, ಅದೇ, ನಾವು ಹಲಗೆ ಹೊಡೆದು ಮುಚ್ಚಿದ್ದು. ಬಾಗಿಲಿನ ಒಳಮೈ ತುಂಬ ಗೀರು ಇತ್ತು. ಏನಿದು ಅಂತ ಫೋನ್ ಮಾಡಿ ಕೇಳಿದ್ದೆ ನಿನ್ನ. ಏನಂದೆ ನೀನು?... ನಾಯಿ ಅಂದೆ. ನಾಯೀನ ಕೂಡ್ತಿದ್ವಿ ಅಂದೆ, ಅಲ್ವಾ?... ನಾಯಿ ಉಗುರು ಐದೈದಾಗಿ ಬೀಳುತ್ತಾ ಗ್ವೆನ್? ಆಗಲೇ ನನಗೆ ಅನುಮಾನ ಬಂದಿತ್ತು. ಸುಮ್ಮನಾದೆ, ಮನೆ ಮೇಲಿನ ಆಸೆ... ನಿಮ್ಮಪ್ಪ ಅವನನ್ನ ಅಲ್ಲಿ ಕೂಡಿಹಾಕ್ತಿದ್ದಾಗ ಎಷ್ಟು ವಯಸ್ಸು ಅವನಿಗೆ?... ಅಯ್ಯೋ ದೇವರೇ."

ಅವಳು ಸಂದಿಗೆ ಬಾಯಿಟ್ಟು ಕೂಗಿದಳು. "ಬಾಗಿಲು ಇದೆ ರಾಯ್ಸ್! ಹಿತ್ತಲ ಗಾಡಿಕೊಟ್ಟಿಗೇಲಿ ಗೋಡೆಗೆ ಒರಗಿಸಿದೀವಿ. ಬಣ್ಣ ಬಳಿದಿಲ್ಲ, ಉಜ್ಜಿಲ್ಲ. ನಿನ್ನ ಬೆರಳಿನ ಗುರುತು ಹಾಗೇ ಇದೆ. ನಾನು ನೋಡಿದೀನಿ. ಹೋಗು, ತಗೋ!"

ಬಾಗಿಲಾಚೆ ಕೊಡಲಿಯನ್ನು ನೆಲದಿಂದ ಎತ್ತಿಕೊಂಡ ಸದ್ದು. ಆಮೇಲೆ ಬೂಟುಗಳು ನಿಧಾನವಾಗಿ ಇಳಿದವು.

"ಹೋದ... ಇರು, ಕಿಟಕೀಲಿ ನೋಡ್ತೀನಿ... ಹಾಂ, ಎಳ್ಕೊಂಡು ಬಂದ. ಹುಲ್ಲಿನ ಮೇಲೆ ಮಲಗಿಸಿದ. ಕಡೀತಿದಾನೆ ಗ್ವೆನ್. ಒಂದೇ ಕೈಲಿ ಕಡೀತಿದಾನೆ, ಇನ್ನೊಂದನ್ನ ನಾನು ಮುರಿದಿದೀನಿ... ಏನೋ ಹೇಳ್ತಾ ಇದಾನೆ, ಒಂದೊಂದು ಏಟಿಗೂ. ಕೇಳಿಸ್ತಿಲ್ಲ... ಸೈರನ್ನು. ಬಂದ್ರು."

ಪೊಲೀಸರ ಎರಡು ಗಾಡಿಗಳು ಬೇಲಿ ಮುರಿದುಕೊಂಡೇ ಒಳಬಂದವು. ಇಳಿದವರು ಪಿಸ್ತೂಲು ಎತ್ತಿ ಕೂಗಿದರು. ರಾಯ್ಸ್ ಬೆನ್ನು ಹಾಕಿ ಕಡಿಯುತ್ತಲೇ ಇದ್ದ. ಕೊಡಲಿ ಮೇಲೆದ್ದಾಗೆಲ್ಲ ಅವರ ಕೈಗಳು ಬಿಗಿಯುತ್ತಿದ್ದವು.

ವರ್ನಾ ಕಿಟಕಿಯ ಚೌಕಟ್ಟನ್ನು ಮೇಲೆ ತಳ್ಳಿ ಅರ್ಧ ದೇಹ ಹೊರಗೆ ಹಾಕಿದಳು. ಮಕ್ಕಳು ತುಂಬಿದ ಬಸ್ಸನ್ನು ಒಂದೇ ಕೂಗಿಗೆ ಸುಮ್ಮನಾಗಿಸಿದ ಗಂಟಲು ಅದು.

"ಹೊಡೀಬೇಡಿ! ಬಾಗಿಲು ಕಡೀತಿದಾನೆ ಅಷ್ಟೇ! ಅದು ಅವನ ಬಾಗಿಲು, ಕಡೀಲಿ ಬಿಡಿ! ರಾಯ್ಸ್, ಸಾಕು ಮಗಾ! ಮುಗೀತು, ಕೆಳಗಿಡು!"

ಕೊಡಲಿ ಗಾಳಿಯಲ್ಲೇ ನಿಂತಿತು. ಅವನು ತಲೆಯೆತ್ತಿ ಕಿಟಕಿ ನೋಡಿದ. ಮುಖವೆಲ್ಲ ಬೆವರು, ಗಡ್ಡದಲ್ಲಿ ಮರದ ಸೀಳುಗಳು. ಕೊಡಲಿ ಬಿಟ್ಟ. ಮರುಕ್ಷಣ ಮೂವರು ಅವನ ಮೇಲೆ ಬಿದ್ದು ಮುಖವನ್ನು ಆ ಚಕ್ಕೆಗಳಿಗೇ ಒತ್ತಿದರು. ಮುರಿದ ಕೈಯನ್ನು ಹಿಂದಕ್ಕೆ ತಿರುಚಿದಾಗ ಅವನ ಕೂಗಿಗೆ ಗೋಪುರದ ಪಾರಿವಾಳಗಳು ಎದ್ದು ಹಾರಿದವು.

"ಹಿಡಿದ್ರು... ಜೀವ ಇದೆ, ಇದೆ. ಆ ಕೈ ಜೋಪಾನ ಅಂತ ಕೂಗ್ತಿದೀನಿ, ಯಾರು ಕೇಳ್ತಾರೆ... ಆರಿನ್‌ಗೆ ಆಂಬ್ಯುಲೆನ್ಸು ಬರ್ತಿದೆ. ನನ್ನ ಮನೆ ಬಿಡು, ಮೆಟ್ಟಿಲು ಇನ್ನೊಂದು ಕಟ್ಕೋಬಹುದು... ಕೇಳು ಗ್ವೆನ್. ಪೊಲೀಸರು ನನ್ನ ಕೇಳ್ತಾರೆ, ಯಾಕೆ ಹೀಗೆ ಮಾಡಿದ ಅಂತ. ನಾನು ಹೊರಗಿನೋಳು, ಗೀರು ಅಷ್ಟೇ ನೋಡಿದೋಳು. ನಡೆದಿದ್ದನ್ನ ಕಣ್ಣಾರೆ ನೋಡಿದೋಳು ನೀನು... ನದಿ ಆಚೆ ದಡದಲ್ಲೇ ಅಲ್ವಾ ನೀನಿರೋದು? ಸೇತುವೆ ದಾಟಿದ್ರೆ ಬಂದ್ಬಿಡ್ತೀಯ... ಈಗಲೂ ಯಾರಿಗೂ ಗೊತ್ತಾಗಬಾರದು ಅಂತೀಯಾ? ಯಾರಿಗೆ ಗೊತ್ತಾದ್ರೆ ಏನೇ? ನಿಮ್ಮಪ್ಪ ಮಣ್ಣಲ್ಲಿದಾನೆ!... ಗಾಡಿಗೆ ಹತ್ತಿಸ್ತಿದಾರೆ ಅವನನ್ನ. ತಿರುತಿರುಗಿ ನೋಡ್ತಿದಾನೆ, ರಸ್ತೆ ಕಡೆ. ಫೋನಲ್ಲಿ ನೀನಿದ್ದೆ ಅಂತ ಗೊತ್ತಲ್ಲ ಅವನಿಗೆ... ಬರ್ತೀಯಾ ಗ್ವೆನ್? ಅಷ್ಟು ಹೇಳು ಸಾಕು, ಓಡಿಹೋಗಿ ಹೇಳ್ತೀನಿ ಅವನಿಗೆ... ಹಲೋ? ಬರ್ತೀಯಾ?... ಗ್ವೆನ್?... ಹಲೋ..."

ಆಚೆಯವಳು ಫೋನು ಕೆಳಗಿಟ್ಟಿದ್ದಳು.