ತಪ್ಪಾಯ್ತು ಎಂದ ರೆಫರಿ

ಒಂದು ಜಿಲ್ಲಾ ಕೇಂದ್ರದಲ್ಲಿ ಸೀಟಿ ಊದುವ ಒಬ್ಬ ಹೆಣ್ಣುಮಗಳಿದ್ದಳು. ಹೌದು, ಸೀಟಿ. ನಗಬೇಡಿ. ರಾಜರ ಕಥೆ, ಸಾಹುಕಾರರ ಕಥೆ ಬೇಕಾದಷ್ಟು ಕೇಳಿದ್ದೀರಿ. ಇವತ್ತು ಒಬ್ಬ ಬ್ಯಾಸ್ಕೆಟ್‌ಬಾಲ್ ರೆಫರಿಯ ಕಥೆ ಕೇಳಿ.

ವಾರವೆಲ್ಲ ಆಫೀಸಿನಲ್ಲಿ ಟೈಪಿಂಗ್ ಕೆಲಸ, ಭಾನುವಾರ ಮಕ್ಕಳ ಪಂದ್ಯಗಳಿಗೆ ರೆಫರಿ. ಓದಿದ ನಿಯಮವನ್ನೇ ಮತ್ತೆ ಮತ್ತೆ ಓದುವವಳು. ಪಂದ್ಯ ಮುಗಿದು ಮನೆಗೆ ಬಂದರೂ ‘ಆ ಫೌಲ್ ಸರಿಯಾಗಿ ಕೊಟ್ಟೆನಾ’ ಎಂದು ಯೋಚಿಸುತ್ತ ತಟ್ಟೆಯ ಅನ್ನವನ್ನು ಕಲಸುತ್ತಲೇ ಕೂರುವವಳು. ಇಷ್ಟು ಅಂಜುವವಳ ಕೈಗೆ ಸೀಟಿ ಯಾಕೆ ಕೊಟ್ಟರು ಅಂತೀರಾ? ನೋಡಿ, ‘ನಾನು ತಪ್ಪೇ ಮಾಡಲ್ಲ’ ಅನ್ನುವವನ ಕೈಗೆ ಕೊಟ್ಟರೆ ಮಕ್ಕಳ ಗತಿ ಏನು?

ಅವತ್ತು ಎಳೆಯ ಹುಡುಗಿಯರ ಫೈನಲ್. ನೀಲಿ ಅಂಗಿಯವರು, ಹಳದಿ ಅಂಗಿಯವರು. ಗೆದ್ದವರು ರಾಜ್ಯ ಮಟ್ಟಕ್ಕೆ. ಆಟದ ನಡುವೆ ಚೆಂಡು ಗೆರೆ ದಾಟಿ ಹೊರಗೆ ಹೋಯಿತು. ಕೊನೆಗೆ ಅದು ತಾಗಿದ್ದು ಹಳದಿ ಹುಡುಗಿಯ ಬೆರಳಿಗೆ, ಹಾಗಾಗಿ ಚೆಂಡು ನೀಲಿಯವರಿಗೆ ಸೇರಬೇಕಿತ್ತು. ನಮ್ಮ ರೆಫರಿ ನೀಲಿಯವರ ಕೈ ತಾಗಿತೆಂದುಕೊಂಡು ಚೆಂಡನ್ನು ಹಳದಿಯವರಿಗೇ ಕೊಟ್ಟುಬಿಟ್ಟಳು. ಅವರು ಬುಟ್ಟಿಗೆ ಹಾಕಿಯೂ ಬಿಟ್ಟರು.

ಶುರುವಾಯಿತು ನೋಡಿ! ನೀಲಿಯವರ ಕೋಚ್ ಕುರ್ಚಿಯಿಂದ ನೆಗೆದ. “ಏನ್ ಮೇಡಂ, ಕಣ್ಣು ಮನೇಲಿ ಬಿಟ್ಟು ಬಂದ್ರಾ?” ಮೆಟ್ಟಿಲ ಮೇಲೆ ಕೂತ ತಂದೆತಾಯಂದಿರು ಬಿಟ್ಟಾರೆಯೇ? “ಹಳದಿಯವರು ಎಷ್ಟು ಹೋಳಿಗೆ ತಿನ್ನಿಸಿದ್ರು ಮೇಡಂ?” ಎಲ್ಲರಿಗಿಂತ ದೊಡ್ಡ ಗಂಟಲು ನೀಲಿ ತಂಡದ ಚಾರ್ವಿಯ ಅಪ್ಪನದು. “ಚಾರ್ವಿ, ನುಗ್ಗೇ! ಆಯಮ್ಮಂಗೆ ಏನೂ ಕಾಣಲ್ಲ!”

ರೆಫರಿ ನೋಡಿದಳು. ಆ ಹಳದಿ ಹುಡುಗಿ ನೊಂದ ಬೆರಳನ್ನು ನೀವಿಕೊಳ್ಳುತ್ತಿದ್ದಳು. ಅಯ್ಯೋ, ಕೋಚ್ ಹೇಳಿದ್ದೇ ನಿಜ! ಏನು ಮಾಡಬೇಕಿತ್ತು? ಮುಖ ಗಂಟಿಕ್ಕಿಕೊಂಡು ಓಡಾಡಬಹುದಿತ್ತು. ಅವಳು ನೇರವಾಗಿ ಕೋಚ್ ಹತ್ತಿರ ಹೋದಳು. “ಸರ್, ಆ ಚೆಂಡು ನಿಮ್ಮದೇ. ನಾನು ಸರಿಯಾಗಿ ನೋಡಲಿಲ್ಲ. ಆಗಿಹೋದ ಪಾಯಿಂಟ್ ಹಿಂದಕ್ಕೆ ತರೋಕೆ ನಿಯಮ ಇಲ್ಲ. ತಪ್ಪಾಯ್ತು.” ಪಕ್ಕದಲ್ಲಿ ಶೂ ಲೇಸ್ ಕಟ್ಟಿಕೊಳ್ಳುತ್ತಿದ್ದ ಚಾರ್ವಿ ತಲೆ ಎತ್ತಿ ನೋಡಿದಳು.

ಕೋಚ್ ಏನು ಮಾಡಿದ? ಮೆಟ್ಟಿಲ ಕಡೆ ತಿರುಗಿ ಚಪ್ಪಾಳೆ ತಟ್ಟಿದ. “ಕೇಳಿದ್ರೇನ್ರೀ? ಅವರೇ ಒಪ್ಕೊಂಡ್ರು!”

“ಹಾಗಾದ್ರೆ ಈಗ ನಮಗೊಂದು ಸುಳ್ಳು ಫೌಲ್ ಕೊಡಿ ಮೇಡಂ, ಸರಿಹೋಗುತ್ತೆ!” ಮೆಟ್ಟಿಲ ಮೇಲಿಂದ ಯಾರೋ ಕೂಗಿದರು.

ಕೊಟ್ಟಿದ್ದರೆ ಅಷ್ಟೂ ಬಾಯಿ ಮುಚ್ಚುತ್ತಿತ್ತು. ಕೊಡಲಿಲ್ಲ. ಒಂದು ಮಗುವಿಗಾದ ಅನ್ಯಾಯಕ್ಕೆ ಇನ್ನೊಂದು ಮಗುವಿಗೆ ಬರೆ ಹಾಕುವುದೇ?

ಪಂದ್ಯ ಮುಗಿಯುತ್ತ ಬಂತು. ಎರಡೂ ಕಡೆ ಸಮ. ಹಳದಿ ಹುಡುಗಿ ಬುಟ್ಟಿಗೆ ಹಾರಿದಳು, ಚಾರ್ವಿ ತಡೆಯಲು ಹಾರಿದಳು, ಇಬ್ಬರೂ ದಬಾರನೆ ಬಿದ್ದರು. ಸೀಟಿ! ಫೌಲ್ ಚಾರ್ವಿಯದು. ಹಳದಿಯವರಿಗೆ ಎರಡು ಫ್ರೀ ಥ್ರೋ, ಯಾರ ಅಡ್ಡಿಯೂ ಇಲ್ಲದೆ ಬುಟ್ಟಿಗೆ ಎಸೆಯುವ ಅವಕಾಶ.

ಮೆಟ್ಟಿಲಿಗೆ ಮೆಟ್ಟಿಲೇ ಎದ್ದು ನಿಂತಿತು. ಕೋಚ್ ಗೆರೆ ದಾಟಿ ಅಂಗಳಕ್ಕೇ ಬಂದ. ಬಹುವಚನ ಹೋಯಿತು, ಏಕವಚನ ಬಂತು. “ಆಗ ತಪ್ಪಾಯ್ತು ಅಂದವಳು ನೀನೇ ತಾನೆ? ಈಗ್ಲೂ ಹೇಳು!”

ರೆಫರಿ ಸೀಟಿಯನ್ನು ಬಾಯಿಂದ ತೆಗೆದಳು. ಮತ್ತೆ ಎಡವಿದೆನಾ? ಕೈ ಬಿದ್ದದ್ದು ಕಂಡಿತಾ, ಕಂಡ ಹಾಗೆ ಅನ್ನಿಸಿತಾ? ಕಣ್ಣ ಮುಂದೆ ಮತ್ತೆ ತಂದುಕೊಂಡಳು. ಮಣಿಕಟ್ಟಿನ ಮೇಲೆ ಬಿದ್ದ ಅಂಗೈ. ಕಂಡಿತ್ತು.

“ಸರ್, ಆಗ ತಪ್ಪಿದ್ದೆ, ತಪ್ಪಿದೆ ಅಂದೆ. ಈಗ ಕಂಡಿದೆ, ಕಂಡದ್ದು ಹೇಳ್ತೀನಿ. ಗೆರೆ ಆಚೆ ಹೋಗಿ. ಹೋಗದಿದ್ರೆ ನಿಮ್ಮ ಮೇಲೂ ಫೌಲ್ ಬರೆಸ್ತೀನಿ.”

ದನಿ ನಡುಗುತ್ತಿತ್ತು. ತೀರ್ಪು ನಡುಗಲಿಲ್ಲ. ಆ ಹೆಣ್ಣುಮಗಳ ಧೈರ್ಯಕ್ಕೆ ಏನೆನ್ನೋಣ!

ಆಗ ಚಾರ್ವಿ ಎದ್ದಳು. ಮಂಡಿಯ ಧೂಳು ಕೊಡವಿಕೊಂಡು ಒಂದು ಕೈ ಮೇಲೆತ್ತಿ ನಿಂತಳು. ಬ್ಯಾಸ್ಕೆಟ್‌ಬಾಲ್‌ನಲ್ಲಿ ಅದೊಂದು ಹಳೆಯ ಪದ್ಧತಿ. ಫೌಲ್ ಮಾಡಿದವರು ತಾವೇ ಕೈ ಎತ್ತಬೇಕು. ಈಗ ಯಾರು ಎತ್ತುತ್ತಾರೆ?

“ಲೇ ಚಾರ್ವಿ, ಕೈ ಇಳಿಸೇ!” ಅಪ್ಪ ಅರಚಿದ.

“ನಾನೇ ಹೊಡೆದೆ ಅಪ್ಪ. ಅವಳ ಕೈಗೆ.”

ಕೋಚ್ ಆ ಕೈಯನ್ನೇ ನೋಡಿದ. ತಲೆ ತಗ್ಗಿಸಿ ಗೆರೆಯಾಚೆ ಹೋದ. ಹಳದಿಯವರು ಒಂದು ಫ್ರೀ ಥ್ರೋ ಹಾಕಿದರು, ಗೆದ್ದರು. ನೀಲಿಯವರು ಸೋತರು.

ಕೈ ಎತ್ತುವ ಧೈರ್ಯವನ್ನು ಆ ಮಗುವಿಗೆ ಯಾರು ಕೊಟ್ಟರು? ಕೋಚ್ ಕೊಟ್ಟನೇ? ಅಪ್ಪ ಕೊಟ್ಟನೇ? ಅಷ್ಟು ಜನರ ಮುಂದೆ ದೊಡ್ಡವಳೊಬ್ಬಳು ‘ತಪ್ಪಾಯ್ತು’ ಅಂದದ್ದನ್ನು ಆ ಮಗು ಕೇಳಿತ್ತು. ಅಂದ ಮೇಲೂ ಆಕೆ ನೆಟ್ಟಗೆ ನಿಂತದ್ದನ್ನು ನೋಡಿತ್ತು. ಅಷ್ಟೇ ಸಾಕಾಯಿತು.

ಈಗ ನೋಡಿ, ಚಾರ್ವಿ ಬ್ಯಾಗ್ ಹೆಗಲಿಗೆ ಹಾಕಿಕೊಂಡು ಬರುತ್ತಿದ್ದಾಳೆ. ಸ್ಕೂಟರ್ ಪಕ್ಕ ಅಪ್ಪ ನಿಂತಿದ್ದಾನೆ. ಅವನು ಏನಂದ? ಅದನ್ನು ನನ್ನನ್ನು ಕೇಳಬೇಡಿ. ಅಂಥ ಅಪ್ಪಂದಿರು ಈ ಸಭೆಯಲ್ಲೇ ಕೂತಿದ್ದಾರೆ, ಅಂಥ ಅಮ್ಮಂದಿರೂ ಕೂತಿದ್ದಾರೆ. ಗುಡಿಗೆ ಹೋಗಿ ಗಲ್ಲ ಗಲ್ಲ ಬಡಿದುಕೊಂಡು ‘ತಪ್ಪಾಯ್ತಪ್ಪಾ ದೇವರೇ’ ಅನ್ನುತ್ತೇವೆ. ಮಗುವಿನ ಮುಂದೆ ಎಂದಾದರೂ ಅಂದಿದ್ದೇವೆಯೇ? ಸುಮ್ಮಸುಮ್ಮನೆ ಗದರಿದ್ದಕ್ಕೆ, ನಾಲ್ಕು ಜನರೆದುರು ಹೀಯಾಳಿಸಿದ್ದಕ್ಕೆ?

ಇವತ್ತು ಮನೆಗೆ ಹೋಗಿ ಮಗುವನ್ನು ಹತ್ತಿರ ಕೂರಿಸಿಕೊಳ್ಳಿ. ಯಾವ ತಪ್ಪಿಗೆ ಅಂತ ನಿಮಗೇ ಗೊತ್ತಿದೆ. ಅದನ್ನು ಹೆಸರು ಹಿಡಿದು ಹೇಳಿ, ‘ತಪ್ಪಾಯ್ತು’ ಅನ್ನಿ. ಅದರ ಹಿಂದೆಯೇ ‘ಆದರೆ ನೀನೂ...’ ಅಂತ ಬಾಯಿಗೆ ಬರುತ್ತದೆ. ಬಂದೇ ಬರುತ್ತದೆ. ಅದನ್ನು ನುಂಗಿಕೊಳ್ಳಿ.