ಕೆನ್ನೆಯಲ್ಲಿದ್ದ ಕಡಲೆಕಾಳು

ನಾನು ಯಾಸಿನ್ ಬಿನ್ ಶಹಾಬುದ್ದೀನ್, ವಯಸ್ಸು 34 ವರ್ಷ, ಲಾರಿ ಚಾಲಕ, ವಾಸ ಕಿಕ್ಕೇರಿ, ಕೆ.ಆರ್.ಪೇಟೆ ತಾಲ್ಲೂಕು. ಠಾಣೆಗೆ ಖುದ್ದು ಬಂದು ಬಾಯಿಮಾತಿನಲ್ಲಿ ಬರೆಸುವುದೇನೆಂದರೆ,

ನಾನು ಹೆಂಡತಿ ಅಸ್ಗರಿ ಬೇಗಂ ಮತ್ತು ಒಂಬತ್ತು ವರ್ಷದ ಮಗಳು ಜಾಸ್ಮಿನ್ ಜೊತೆ ಬಾಡಿಗೆ ಮನೆಯಲ್ಲಿ ವಾಸವಿರುತ್ತೇನೆ. ಪಕ್ಕದ ಮನೆ ಕೆಂಪಣ್ಣನವರದು. ಎರಡು ಮನೆಗೂ ಒಂದೇ ಜಗುಲಿ. ಅವರ ಮನೆ ಎಮ್ಮೆಯ ಹಾಲು ಕುಡಿದೇ ನನ್ನ ಮಗಳು ಬೆಳೆದಿರುತ್ತಾಳೆ. ನಮ್ಮ ನಡುವೆ ಈವರೆಗೆ ಯಾವ ತಕರಾರೂ ಇರಲಿಲ್ಲ.

ಜುಲೈ ತಿಂಗಳಲ್ಲಿ ಬೊಂಬಾಯಿಗೆ ಬೆಲ್ಲದ ಲೋಡು ಹೊಡೆದಾಗ ಮಗಳಿಗೆಂದು ಹ್ಯಾಮ್‌ಸ್ಟರ್ ಎಂಬ ಸಾಕುಪ್ರಾಣಿ ತಂದೆ. ಇಲಿ ಜಾತಿ, ಗೋಧಿ ಬಣ್ಣ, ಮೋಟು ಬಾಲ. ಅದರ ಕೆನ್ನೆಯೊಳಗೆ ಚೀಲವಿದ್ದು, ಕಾಳನ್ನು ತುಂಬಿಕೊಂಡು ಹೋಗಿ ಪಂಜರದ ಮೂಲೆಯಲ್ಲಿ ಬಚ್ಚಿಡುತ್ತದೆ. ಮಗಳು ಲಡ್ಡು ಎಂದು ಹೆಸರಿಟ್ಟಳು.

ಸೆಪ್ಟೆಂಬರ್ ಕೊನೆಯಲ್ಲಿ ಸೂರತ್ತಿನಲ್ಲಿ ಪ್ಲೇಗು ಎಂದು ರೇಡಿಯೋದಲ್ಲಿ ಬಂತು. ಕೆಂಪಣ್ಣನವರ ತಾಯಿ ಸಿದ್ದಲಿಂಗಮ್ಮನವರು ಎಂಬತ್ತು ದಾಟಿದವರು. ಅವರು ಚಿಕ್ಕವರಿದ್ದಾಗ ಪ್ಲೇಗಿನಲ್ಲಿ ಇಲಿ ಸತ್ತು ಬಿದ್ದರೆ ಊರಿಗೆ ಊರೇ ಮನೆ ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಳ್ಳುತ್ತಿತ್ತಂತೆ. ಹೊರಡುವುದು ತಡವಾಗಿ ಅವರ ಇಬ್ಬರು ಅಕ್ಕಂದಿರು ತೀರಿಕೊಂಡರಂತೆ. ಇಬ್ಬರಿಗೂ ಕುತ್ತಿಗೆಯಲ್ಲಿ ಗಡ್ಡೆ ಎದ್ದಿತ್ತು ಎಂದು ಜಗುಲಿಯಲ್ಲಿ ಕೂತು ದಿನಾ ಹೇಳುತ್ತಿದ್ದರು.

ಅದೇ ಹೊತ್ತಿಗೆ ಲಡ್ಡು ಕಾಯಿಲೆ ಬಿತ್ತು. ಗೂನು ಹಾಕಿಕೊಂಡು ಮೂಲೆ ಹಿಡಿಯಿತು. ಬಾಲದ ಸುತ್ತ ಒದ್ದೆಯಾಗಿ ವಾಸನೆ ಬರುತ್ತಿತ್ತು. ಕೆ.ಆರ್.ಪೇಟೆ ದನದ ಆಸ್ಪತ್ರೆಗೆ ಒಯ್ದೆ. ಡಾಕ್ಟರು, ತಾವು ಹಸು ಎಮ್ಮೆ ನೋಡುವವರೆಂದೂ, ಆದರೂ ಇದು ಪ್ಲೇಗಲ್ಲ, ಬರೀ ಭೇದಿಯೆಂದೂ ಹೇಳಿದರು. ಕೋಸಿನ ಎಲೆ ತಿನ್ನಿಸುವುದನ್ನು ನಿಲ್ಲಿಸಿ, ಉಪ್ಪು ಸಕ್ಕರೆ ನೀರನ್ನು ಇಂಕ್ ಫಿಲ್ಲರಿನಲ್ಲಿ ತೊಟ್ಟುತೊಟ್ಟಾಗಿ ಬಿಡಲು, ಒಣಹುಲ್ಲು ಹಾಸಿ ಬೆಚ್ಚಗಿಡಲು ತಿಳಿಸಿದರು. ಮತ್ತೆ ಕೆನ್ನೆ ತುಂಬಿಕೊಂಡರೆ ಬದುಕಿತು ಎಂದುಕೊಳ್ಳಿ ಎಂದರು. ಮಗಳು ಸ್ಕೂಲಿಗೂ ಹೋಗದೆ ಹಾಗೇ ಮಾಡಿದಳು.

ದಿನಾಂಕ 9-10-94 ಭಾನುವಾರ ಬೆಳಿಗ್ಗೆ 8 ಗಂಟೆಗೆ ಅದು ಎದ್ದು, ಮಗಳು ಕೊಟ್ಟ ಕಡಲೆಕಾಳನ್ನು ಎರಡೂ ಕೆನ್ನೆಗೆ ತುಂಬಿಕೊಂಡಿತು. ಮಗಳು ಖುಷಿಯಲ್ಲಿ ಪಂಜರ ಎತ್ತಿಕೊಂಡು ಹೋಗಿ ಜಗುಲಿಯಲ್ಲಿದ್ದ ಸಿದ್ದಲಿಂಗಮ್ಮನವರಿಗೆ ತೋರಿಸಿದಳು. ಅವರು ಉಬ್ಬಿದ ಕೆನ್ನೆ ನೋಡಿ, ಅಯ್ಯೋ ಕೆಂಪಾ, ಗಡ್ಡೆ ಎದ್ಬುಟ್ಟದೆ ಕಣ್ಲಾ, ಮಕ್ಳು ಮರೀನ ಈಚೆಗ್ ಎಳ್ಕೊಂಡ್ ಬಾರ್ಲಾ ಎಂಬುದಾಗಿ ಎದೆ ಬಡಿದುಕೊಂಡರು.

ಕೆಂಪಣ್ಣನವರು ಪಂಜರ ಕಿತ್ತುಕೊಂಡು, ಹಿತ್ತಲಿನ ತಿಪ್ಪೆಯ ಮೇಲಿಟ್ಟು ಸೀಮೆಎಣ್ಣೆ ಸುರಿದರು. ಸ್ನಾನಕ್ಕೆ ಕೂತಿದ್ದ ನಾನು ಟವೆಲ್ಲಿನಲ್ಲೇ ಓಡಿ ಬಂದು, ಅದು ಗಡ್ಡೆಯಲ್ಲ, ಕಾಳು ಎಂದು ಕೂಗಿದೆ. ಅವರು, ನಿನ್ ಕಾಲಿಗ್ ಬೀಳ್ತೀನಿ ಯಾಸಿನ್, ನನ್ಗೂ ಮಕ್ಳವೆ ಎಂದು ಹೇಳಿ ಕಡ್ಡಿ ಗೀರಿದರು. ಅವರು ಹೀಗೆ ಬೇಡಿಕೊಂಡಿದ್ದನ್ನೂ ಬರೆದುಕೊಳ್ಳಿ. ಒಳಗಿಂದ ಅದು ಕಿರುಚಿತು. ಯಾರಾದರೂ ಹಿಡಿಯುವಷ್ಟರಲ್ಲಿ ನನ್ನ ಮಗಳು ಬಲಗೈಯನ್ನು ಬೆಂಕಿಗೆ ಹಾಕಿ, ಕಾದ ತಂತಿಯ ಬಾಗಿಲು ತೆಗೆದು ಅದನ್ನು ಈಚೆಗೆ ಎಳೆದಳು. ಅಷ್ಟರಲ್ಲಿ ಅದು ಸತ್ತಿತ್ತು.

ಮಗಳನ್ನು ಎತ್ತಿಕೊಂಡು ಟೆಂಪೋವರೆಗೆ ಓಡಿದವರೂ ಕೆಂಪಣ್ಣನವರೇ. ಈಗ ಅವಳು ಮೈಸೂರಿನ ಆಸ್ಪತ್ರೆಯಲ್ಲಿದ್ದಾಳೆ. ಎರಡು ಬೆರಳು ಇನ್ನು ನೆಟ್ಟಗಾಗುವುದಿಲ್ಲವಂತೆ. ಲಡ್ಡುವನ್ನು ಹೂಳುವಾಗ ಅದರ ಬಾಯಿಂದ ಬಿದ್ದ ಕಡಲೆಯನ್ನು ನನ್ನ ಹೆಂಡತಿ ಸಿದ್ದಲಿಂಗಮ್ಮನವರ ಅಂಗೈಯಲ್ಲಿಟ್ಟು ತೋರಿಸಿದಳು. ಅಂದಿನಿಂದ ಅಜ್ಜಿ ಊಟ ಬಿಟ್ಟಿದ್ದಾರೆ. ಆ ಕಾಳನ್ನು ಪೇಪರಿನಲ್ಲಿ ಕಟ್ಟಿ ಠಾಣೆಗೆ ಹಾಜರುಪಡಿಸಿರುತ್ತೇನೆ.

ಊರಿನ ಯಜಮಾನರು ರಾಜಿಯಾಗು ಎನ್ನುತ್ತಿದ್ದಾರೆ. ನನಗೆ ಹೊಟ್ಟೆ ಉರಿಯುತ್ತಿದೆ, ಸುಳ್ಳು ಹೇಳುವುದಿಲ್ಲ. ಆದರೆ ನಾನು ಬಂದಿರುವುದು ಕೆಂಪಣ್ಣನವರನ್ನು ಒಳಗೆ ಹಾಕಿಸುವುದಕ್ಕಲ್ಲ. ನಿನ್ನೆ ಸಂಜೆ ಮಗಳು, ಅಬ್ಬಾ, ನಾನು ಕಡ್ಲೆ ಕೊಡ್ದೆ ಇದ್ದಿದ್ರೆ ಅಜ್ಜಿ ಎದರ್ಕೋತಿರ್ಲಿಲ್ಲ ಅಲ್ವಾ ಎಂದು ಕೇಳಿದಳು. ನಿನ್ನ ತಪ್ಪಲ್ಲ ಎಂದು ಎಷ್ಟು ಹೇಳಿದರೂ ನಂಬುತ್ತಿಲ್ಲ. ಆದ್ದರಿಂದ ಪ್ರಾಣಿಗೆ ವಾಸಿಯಾಗಿತ್ತು, ವಾಸಿ ಮಾಡಿದ್ದು ಜಾಸ್ಮಿನ್, ಅವಳದು ಏನೂ ತಪ್ಪಿಲ್ಲ ಎಂದು ಸರ್ಕಾರದ ಕಾಗದದಲ್ಲಿ ಬರೆದುಕೊಂಡು, ಸೀಲು ಹಾಕಿ ನನಗೆ ಒಂದು ಪ್ರತಿ ಕೊಡಬೇಕಾಗಿ ಕೋರುತ್ತೇನೆ. ಅವಳಿಗೆ ಓದಲು ಬರುತ್ತದೆ.

ಬರೆದುಕೊಂಡಿದ್ದನ್ನು ಓದಿಸಿ ಕೇಳಿದ್ದೇನೆ. ನಾನು ಹೇಳಿದಂತೆಯೇ ಇದೆ, ಹೇಳಿದ್ದೆಲ್ಲ ನಿಜ.

ಸ್ಥಳ: ಕಿಕ್ಕೇರಿ
ದಿನಾಂಕ: 11-10-1994
ಸಹಿ: ಯಾಸಿನ್