ಸದ್ದಿಲ್ಲದ ಗ್ರೂಪು

ಬಸ್ಸಿನಲ್ಲಿ ನನ್ನ ಮುಂದಿನ ಸೀಟಿನಲ್ಲಿ ಇಬ್ಬರು ತಾಯಂದಿರು ಕೂತಿದ್ದರು. ಇಬ್ಬರ ಮಕ್ಕಳೂ ಎರಡನೇ ಕ್ಲಾಸಿನಲ್ಲಿ ಒಟ್ಟಿಗೆ ಓದುವವರೆಂದು ಮಾತಿನಿಂದಲೇ ತಿಳಿಯಿತು. ಕಿರಿಯಾಕೆ ಫೋನನ್ನು ಒತ್ತಿ ಒತ್ತಿ ನೋಡುತ್ತಿದ್ದಳು.

“ಅಕ್ಕ, ನಮ್ಮ ಪೇರೆಂಟ್ಸ್ ಗ್ರೂಪಲ್ಲಿ ಯಾರೂ ಉಸಿರೇ ಬಿಡ್ತಿಲ್ಲ.”

“ಎಲ್ಲರಿಗೂ ಕೆಲಸ ಇರುತ್ತಲ್ಲಮ್ಮ.”

“ಗೇಟಲ್ಲಿ ನಿಂತು ಒಬ್ಬೊಬ್ಬರ ಹತ್ರಾನೂ ನಂಬರ್ ಇಸ್ಕೊಂಡು ನಾನೇ ಮಾಡಿದ ಗ್ರೂಪು. ನಾಳೆ ಏನು ತರಬೇಕು, ಏನು ಓದಬೇಕು, ಎಲ್ಲ ಅದರಲ್ಲೇ ಬರ್ತಿತ್ತು. ನನ್ನ ಮಗ ತಳ್ಳಿ ಆ ಹುಡುಗಿ ಹಲ್ಲು ಮುರೀತಲ್ಲ, ಅವತ್ತಿಂದ ಎಲ್ಲರ ಬಾಯಿಗೂ ಬೀಗ.”

“ಕ್ಷಮೆ ಕೇಳಿದ್ಯಲ್ಲ, ಬಿಡು.”

“ಗ್ರೂಪಲ್ಲೇ ಕೇಳಿದೆ. ಎಲ್ಲರೂ ಓದಿದಾರೆ. ಒಬ್ಬರಾದ್ರೂ ಪರವಾಗಿಲ್ಲ ಅನ್ನಬಾರದಾ? ನನ್ನ ಬಿಟ್ಟು ಬೇರೆ ಗ್ರೂಪ್ ಮಾಡ್ಕೊಂಡಿದಾರಾ ಅಕ್ಕ?”

“ಅಯ್ಯೋ, ಇಲ್ಲದ್ದೆಲ್ಲ ತಲೆಗೆ ಹಚ್ಕೋಬೇಡ.”

“ಮೊನ್ನೆ ಎಲ್ಲ ಮಕ್ಕಳೂ ಗಿಡದ ಕುಂಡ ತಂದಿದ್ರಂತೆ. ಇವನೊಬ್ಬನೇ ಬರಿಗೈಲಿ ಮೂಲೇಲಿ ಕೂತಿದ್ನಂತೆ. ಬೇಕಾದ್ರೆ ನನ್ನ ನಾಲ್ಕು ಬೈಲಿ. ಏಳು ವರ್ಷದ ಮಗು ಅಕ್ಕ ಅದು.”

ಹಿರಿಯಾಕೆ ಅವಳ ಬೆನ್ನು ಸವರಿದಳು.

“ಅಳಬೇಡ. ನಾಳೆ ಒಣಗಿದ ಎಲೆ, ಅಂಟು ಮರೀದೆ ಕೊಟ್ಟು ಕಳ್ಸು. ಎಲ್ಲರ ಜೊತೆ ಕೂತ್ಕೋತಾನೆ.”

“ನಾಳೆ ಎಲೆ ತರಬೇಕಾ?”

“ಹ್ಞೂಂ.”

“ನಿಮಗೆ ಯಾರು ಹೇಳಿದ್ರು?”

ಹಿರಿಯಾಕೆ ಕಿಟಕಿಯ ಕಡೆ ತಿರುಗಿದಳು.

“ಹೇಳಿ ಅಕ್ಕ. ಎಲ್ಲಿ ನೋಡಿದ್ರಿ?”

ಶಾಲೆಯ ಸ್ಟಾಪ್ ಬಂತು. ಹಿರಿಯಾಕೆ ಮುಂದಿನ ಬಾಗಿಲಿನಿಂದ ಇಳಿದಳು, ಕಿರಿಯಾಕೆ ಹಿಂದಿನದರಿಂದ. ಇಬ್ಬರೂ ಹೋಗಬೇಕಾದದ್ದು ಮಾತ್ರ ಒಂದೇ ಗೇಟಿಗೆ.